ಭಟ್ಟಿಯ ಮೇಲಿನ ಮನೆ

ಫೆಬ್ರವರಿ ೯

ಅತ್ತೆಯವರಿಗೆ ನಮಸ್ಕಾರ.

ನನ್ನ ಅಕ್ಷರ ಕಂಡು ನೀವು ಲಕೋಟೆ ಒಡೆಯದೆ ಪಕ್ಕಕ್ಕಿಟ್ಟರೂ ಆಶ್ಚರ್ಯವಿಲ್ಲ. ಮನೆ ಬಿಟ್ಟು ಅಣ್ಣನಲ್ಲಿಗೆ ಬಂದ ಮೇಲೆ ಬರೆಯುತ್ತಿರುವುದು ಇದೇ ಮೊದಲು. ಫೋನ್ ಮಾಡಬಹುದಿತ್ತು. ಆದರೆ ಬೇಕರಿಯ ಹಿಟ್ಟು ಕಲಸುವ ಯಂತ್ರದ ಸದ್ದಿನಲ್ಲಿ ನಿಮಗೆ ಅರ್ಧ ಕೇಳಿಸುವುದಿಲ್ಲ, ಉಳಿದರ್ಧ ನನ್ನ ಗಂಟಲಿನಿಂದ ಹೊರಡುವುದಿಲ್ಲ. ಒಂದು ಕೆಲಸವಾಗಬೇಕಿದೆ, ಅದಕ್ಕೇ ಈ ಕಾಗದ.

ನಮ್ಮ ಕೋಣೆಯ ಬೀರುವಿನ ಮೇಲಿನ ಅರೆಯಲ್ಲಿ, ಚಳಿಗಾಲದ ಹೊದಿಕೆಗಳ ಕೆಳಗೆ ಒಂದು ನೀಲಿ ಫೈಲಿದೆ. ನನ್ನ ಆಸ್ಪತ್ರೆಯ ಕಾಗದಗಳೆಲ್ಲ ಅದರಲ್ಲಿವೆ. ಮೊದಲನೆಯ ಬಸಿರು ಮೂರು ತಿಂಗಳಿಗೇ ಹೋದಾಗಿನವು, ಎರಡನೆಯದು ಏಳನೇ ತಿಂಗಳಲ್ಲಿ ಹೋದಾಗಿನವು, ಎರಡೂ. ಅದನ್ನು ಅಂಚೆಯಲ್ಲಿ ಕಳಿಸಿಕೊಡಿ.

ಇಲ್ಲಿ ಒಂದು ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ಬಟ್ಟೆ ರಿಪೇರಿಯ ಕೆಲಸ ಸಿಕ್ಕಿದೆ. ಪ್ಯಾಂಟಿನ ಅಂಚು ಮಡಿಸುವುದು, ಜಿಪ್ ಬದಲಿಸುವುದು, ಸಡಿಲವಾದದ್ದನ್ನು ಹಿಡಿಯುವುದು. ಹೋದ ವಾರ ಹೊಲಿಗೆ ಯಂತ್ರದ ಮುಂದೆ ಕೂತವಳು ಹಾಗೇ ಪಕ್ಕಕ್ಕೆ ವಾಲಿ ಬಿದ್ದೆನಂತೆ. ಅಣ್ಣ ಆಸ್ಪತ್ರೆಗೆ ಸೇರಿಸಿದ. ರಕ್ತ ತೀರಾ ಕಡಿಮೆಯಿದೆಯಂತೆ. ಇಲ್ಲಿನ ಡಾಕ್ಟರಮ್ಮ ಹಳೆಯದನ್ನೆಲ್ಲ ಕೆದಕಿ ಕೆದಕಿ ಕೇಳುತ್ತಾರೆ. "ಎಷ್ಟು ವರ್ಷದಿಂದ ಹೊಟ್ಟೆ ಹೀಗಿದೆ?" ಅಂದರು. "ಗೊತ್ತಿಲ್ಲ ಮೇಡಂ, ಹೊಟ್ಟೆ ಅಂದ್ರೆ ಎಲ್ಲರಿಗೂ ಹೀಗೇ ಇರುತ್ತೆ ಅಂದ್ಕೊಂಡಿದ್ದೆ" ಅಂದೆ. ಅವರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು.

ನಿಮ್ಮ ಮಗನಿಗೆ ಇದನ್ನು ಹೇಳುವುದು ಬೇಡ.

ನಿಮ್ಮ ಸೊಸೆ


ಫೆಬ್ರವರಿ ೨೧

ಗುಬ್ಬಿಗೆ,

ಫೈಲು ಕಳಿಸಿದ್ದೇನೆ. ಒಳಗೇನಿದೆ ಎಂದು ನಾನು ಓದಲಿಲ್ಲ. ಓದಲು ಹೋದರೂ ಆ ಡಾಕ್ಟರರ ಅಕ್ಷರ, ಇರುವೆ ಮಸಿಗೆ ಬಿದ್ದು ಎದ್ದು ನಡೆದ ಹಾಗಿದೆ.

ಅವನಿಗೆ ಹೇಳಬೇಡ ಎಂದು ಬರೆದಿದ್ದೀ. ನಾನು ಹೇಳಲಿಲ್ಲ. ಆದರೆ ಅಂಚೆಯವನು ಬಂದಾಗ ಕೌಂಟರಿನಲ್ಲಿದ್ದವನು ಅವನೇ. ಲಕೋಟೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ, ನನ್ನ ಕೈಗೆ ಕೊಟ್ಟ, ಒಳಗೆ ಹೋದ. ಅವತ್ತು ಒಂದು ತಟ್ಟೆ ಬನ್ನು ಪೂರ್ತಿ ಕರಕಲಾಯಿತು. ಮೀಸೆ ಮೂಡುವ ಮೊದಲೇ ಭಟ್ಟಿಯ ಮುಂದೆ ನಿಂತವನು, ಒಂದು ದಿನವೂ ಹೀಗೆ ಮಾಡಿರಲಿಲ್ಲ.

ರಕ್ತ ಕಡಿಮೆ ಎಂದು ಬೇರೆ ಊರಿನ ಡಾಕ್ಟರರೇ ಹೇಳಬೇಕಾಯಿತೇ? ನಾನು ಬಾಯಿ ಒಣಗುವವರೆಗೆ ಹೇಳಿದ್ದೆ. ಎರಡು ಸಲ ಕುಕ್ಕಿ ತಟ್ಟೆ ಸರಿಸುವವಳಿಗೆ ರಕ್ತ ಎಲ್ಲಿಂದ ಬರಬೇಕು? ಗುಬ್ಬಿ ಎಂದು ಸುಮ್ಮನೆ ಹೆಸರಿಟ್ಟವಳಲ್ಲ ನಾನು.

ಫೈಲಿನ ಜೊತೆಗೆ ಎರಡು ಪೊಟ್ಟಣ ರಸ್ಕು ಇಟ್ಟಿದ್ದೇನೆ. ನಾನೇ ಮಾಡಿದ್ದು, ಅವನಲ್ಲ. ಅಂಗಡಿಗೆ ಹಾಕುವುದಕ್ಕಿಂತ ಬೆಣ್ಣೆ ಒಂದು ಕೈ ಮುಂದಾಗಿದೆ. ಬೆಳಗ್ಗೆ ಸಂಜೆ ಬಿಸಿ ಹಾಲಿನಲ್ಲಿ ಅದ್ದಿಕೊಂಡು ತಿನ್ನು. ಅಣ್ಣನ ಮಕ್ಕಳಿಗೆ ಹಂಚಿ ಕೈ ಒರೆಸಿಕೊಂಡು ಕೂರಬೇಡ.

ಅತ್ತೆ


ಮಾರ್ಚ್ ೧೪

ಅತ್ತೆಯವರಿಗೆ,

ಫೈಲು ತಲುಪಿತು. ರಸ್ಕೂ ತಲುಪಿತು. ಹಂಚಲಿಲ್ಲ, ನಾನೇ ತಿಂದೆ. ಡಾಕ್ಟರಮ್ಮನಿಗೆ ಅಷ್ಟರಲ್ಲೇ ಅನುಮಾನ ಬಂದಿತ್ತು. ಆದರೆ "ಪರೀಕ್ಷೆ ಮುಗಿಯೋವರೆಗೂ ಏನೂ ಬಿಡಬೇಡಿ, ಎಂದಿನ ಹಾಗೇ ತಿನ್ನಿ, ಇಲ್ಲದಿದ್ರೆ ಸರಿಯಾಗಿ ಗೊತ್ತಾಗಲ್ಲ" ಅಂದಿದ್ದರು. ಹಾಗಾಗಿ ನಿಮ್ಮ ರಸ್ಕನ್ನು ಹಾಲಿನಲ್ಲಿ ಅದ್ದಿ ಬೆಳಗ್ಗೆ ಸಂಜೆ ತಿಂದೆ. ಬಹಳ ಚೆನ್ನಾಗಿತ್ತು. ತಿಂದಾಗಲೆಲ್ಲ ಹೊಟ್ಟೆ ಹಿಡಿದುಕೊಂಡು ಮುದುಡಿ ಮಲಗಿದೆ.

ಮೊದಲು ರಕ್ತ ತೆಗೆದರು. ಆಮೇಲೆ ಬಾಯಿಯಿಂದ ಕೊಳವೆ ಇಳಿಸಿ ಸಣ್ಣಕರುಳಿನ ಚೂರು ತೆಗೆದು ನೋಡಿದರು. ಇದಕ್ಕೆ ಸೀಲಿಯಾಕ್ ಕಾಯಿಲೆ ಅನ್ನುತ್ತಾರಂತೆ. ಗೋಧಿಯಲ್ಲಿ, ಬಾರ್ಲಿಯಲ್ಲಿ ಗ್ಲುಟನ್ ಎಂಬ ಜಿಗುಟು ಇರುತ್ತದಲ್ಲ, ನಾದಿದಾಗ ಹಿಟ್ಟು ಎಳೆದರೂ ಹರಿಯದ ಹಾಗೆ ಹಿಡಿದಿಡುತ್ತದಲ್ಲ, ಅದೇ ನನಗೆ ಆಗುವುದಿಲ್ಲ. "ನೀವು ಬಟ್ಟೆ ಕೆಲಸದವರು, ನಿಮಗೆ ಬೇಗ ತಿಳಿಯುತ್ತೆ" ಎಂದು ಡಾಕ್ಟರಮ್ಮ ಹೇಳಿದರು. "ಹೊಸ ಟವೆಲಿನ ಮೇಲೆ ಮೆತ್ತಗೆ ಎಳೆಗಳು ಎದ್ದಿರ್ತವಲ್ಲ, ಕರುಳಿನ ಒಳಗೂ ಹಾಗೇ. ಊಟದ ಸತ್ವ ಹೀರೋದು ಅವೇ. ನಿಮ್ಮದು ಸವೆದು ಸವೆದು ನುಣ್ಣಗಾಗಿಬಿಟ್ಟಿದೆ." ಮಾತ್ರೆಯಿಂದ ವಾಸಿಯಾಗುವುದಿಲ್ಲ. ಬದುಕಿರುವವರೆಗೆ ಬ್ರೆಡ್ಡು, ಬನ್ನು, ಬಿಸ್ಕತ್ತು, ಮೈದಾ, ಯಾವುದೂ ಕೂಡದು. ಬಿಟ್ಟರೆ ಎಳೆಗಳು ನಿಧಾನವಾಗಿ ಮತ್ತೆ ಏಳುತ್ತವಂತೆ.

ನೀವು ಕಳಿಸಿದ ಫೈಲನ್ನು ಅವರು ಕೊನೆಯ ಹಾಳೆಯವರೆಗೂ ಓದಿದರು. ನಾನು ಕೇಳಿಯೇಬಿಟ್ಟೆ, ಮಗು ಹೋದದ್ದು ಇದರಿಂದಲೇ ಏನು ಎಂದು. "ಇದೇ ಅಂತ ನಾನು ಬರೆದುಕೊಡಕ್ಕಾಗಲ್ಲ" ಅಂದರು. ಫೈಲು ಮುಚ್ಚಿ, "ಆದ್ರೆ ನೀವು ತಿಂದದ್ದು ನಿಮಗೇ ಸೇರ್ತಾ ಇರಲಿಲ್ಲಮ್ಮ. ಮಗುಗೆ ಎಲ್ಲಿಂದ ಸೇರಬೇಕು?" ಅಂದರು.

ಅವತ್ತು ಆಸ್ಪತ್ರೆಯ ಕಾರಿಡಾರಿನಲ್ಲಿ ನೀವು ನಿಮ್ಮ ಮಗನಿಗೆ ಹೇಳಿದ ಮಾತು ನನಗೆ ಕೇಳಿಸಿತ್ತು. ನನಗೆ ಎಚ್ಚರವಿಲ್ಲ ಎಂದು ನೀವು ತಿಳಿದಿದ್ದಿರಿ. "ಹೊಟ್ಟೆಗೆ ತಿನ್ನದೆ ಮಗೂನ ಕೊಂದುಬಿಟ್ಲು" ಅಂದಿರಿ. ನಿಮ್ಮ ಮಗ ಅಲ್ಲ ಎನ್ನುತ್ತಾರೇನೋ ಎಂದು ಕಣ್ಣು ಮುಚ್ಚಿಕೊಂಡೇ ಕಾದೆ. ಅನ್ನಲಿಲ್ಲ.

ತಿನ್ನದೆ ಇದ್ದದ್ದರಿಂದ ಅಲ್ಲ ಅತ್ತೆ. ತಿಂದದ್ದರಿಂದ.

ಇನ್ನು ಮೇಲೆ ನನ್ನನ್ನು ಗುಬ್ಬಿ ಎನ್ನಬೇಡಿ.

ನಿಮ್ಮ ಸೊಸೆ


ಮಾರ್ಚ್ ೨೩

ನಿನ್ನ ಕಾಗದ ಓದಿದೆ.

ಈ ಊರಿನಲ್ಲಿ ನನ್ನ ಕೈಯ ಬನ್ನು ತಿಂದು ಬೆಳೆದವರ ಮಕ್ಕಳು ಈಗ ಅದೇ ಬನ್ನು ತಿನ್ನುತ್ತಿದ್ದಾರೆ. ನನ್ನ ಯಜಮಾನರು ಸತ್ತಾಗ ಮಗನಿಗೆ ಹಾಲುಹಲ್ಲು ಬಿದ್ದಿರಲಿಲ್ಲ. ಆ ಭಟ್ಟಿಯೊಂದೇ ನಮ್ಮನ್ನು ಸಾಕಿದ್ದು. ಒಬ್ಬರೂ ಬಂದು ಹೊಟ್ಟೆ ಕೆಟ್ಟಿತು ಎಂದವರಿಲ್ಲ. ನೀನು ಮಾತ್ರ ಅದು ವಿಷ ಎಂದು ಬರೆದಿದ್ದೀ. ನಾನು ನನ್ನ ಮೊಮ್ಮಗಳಿಗೆ ವಿಷ ಹಾಕಿದೆ ಎಂದು ಬರೆದಿದ್ದೀ.

ಇನ್ನು ಕಾಗದ ಹಾಕಬೇಡ.


ಮೇ ೬

ಅತ್ತೆಯವರಿಗೆ,

ಹಾಕಬೇಡ ಎಂದಿರಿ, ಹಾಕುತ್ತಿದ್ದೇನೆ. ಓದದಿದ್ದರೂ ಚಿಂತೆಯಿಲ್ಲ.

ವಿಷ ಎಂದು ನಾನು ಬರೆದಿರಲಿಲ್ಲ. ಆ ಪದ ನಿಮ್ಮದು. ಅದು ಹಾಗಿರಲಿ.

ಇಲ್ಲಿ ಅತ್ತಿಗೆ ನನಗಾಗಿ ಬೇರೆ ಬಾಣಲೆ, ಬೇರೆ ಸೌಟು ತೆಗೆದಿಟ್ಟು ಹಿಡಿಗೆ ಕೆಂಪು ದಾರ ಕಟ್ಟಿದ್ದಾಳೆ. ಅನ್ನ, ಆಲೂಗಡ್ಡೆ, ಮೊಟ್ಟೆ, ಬೇಳೆ. ಮೊದಲ ವಾರಗಳಲ್ಲಿ ಇಷ್ಟೇನಾ ಎಂದು ತಟ್ಟೆಯ ಮುಂದೆ ಕೂತು ಅಳು ಬರುತ್ತಿತ್ತು. ಒಂದು ದಿನ ಅಣ್ಣನ ಮಗಳು ಬ್ರೆಡ್ಡಿಗೆ ಸವರಿದ ಚಾಕುವನ್ನೇ ಮತ್ತೆ ಬೆಣ್ಣೆ ಡಬ್ಬಕ್ಕೆ ಹಾಕಿದ್ದಾಳೆ, ನನಗೆ ಗೊತ್ತಿಲ್ಲ. ಎರಡು ದಿನ ಏಳಲಾಗಲಿಲ್ಲ. "ಅಷ್ಟೇ ಅಷ್ಟು ಪುಡಿಗೆ ಇಷ್ಟೆಲ್ಲಾ ಆಗುತ್ತಾ?" ಎಂದಳು ಅತ್ತಿಗೆ. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಆದರೂ ಆ ಗಳಿಗೆ ಅವಳ ಮುಖದಲ್ಲಿ ನನಗೆ ನೀವೇ ಕಂಡಿರಿ. ನನ್ನ ಕಾಯಿಲೆ ಕಣ್ಣಿಗೆ ಕಾಣುವಂಥದ್ದಲ್ಲ. ಕೈ ಮುರಿದಿದ್ದರೆ ಯಾರೂ ಎರಡನೇ ಸಲ ಕೇಳುತ್ತಿರಲಿಲ್ಲ.

ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವಾಕೆ ದಿನಾ ಚಹಾದ ಜೊತೆ ತನ್ನ ಬಿಸ್ಕತ್ತಿನಲ್ಲಿ ಅರ್ಧ ಮುರಿದು ಕೊಡುತ್ತಿದ್ದಳು. ಬೇಡ ಬೇಡ ಎಂದದ್ದಕ್ಕೆ ಜಂಬ ಎಂದುಕೊಂಡು ಮಾತು ಬಿಟ್ಟಳು. ಹೇಳಲು ಹೋದೆ. "ಗೋಧಿ ಆಗಲ್ಲ ಅನ್ನೋರನ್ನ ಇದೇ ಮೊದಲು ನೋಡಿದ್ದು" ಎಂದು ನಕ್ಕಳು. ನನಗೂ ನಗು ಬಂತು. ನಾನೂ ಇದೇ ಮೊದಲು ನೋಡುತ್ತಿರುವುದು.

ನಿಮಗೆ ಯಾಕೆ ಬರೆಯುತ್ತಿದ್ದೇನೆ ಎಂದರೆ, ಕೆಲಸಕ್ಕೆ ಹೋಗುವ ದಾರಿಯ ತಿರುವಿನಲ್ಲಿ ಒಂದು ಬೇಕರಿಯಿದೆ. ನಾನು ರಸ್ತೆ ದಾಟಿ ಆಚೆ ಬದಿಯಲ್ಲಿ ಹೋಗುತ್ತೇನೆ. ವಾಸನೆ ರಸ್ತೆ ದಾಟಿ ಬರುತ್ತದೆ. ನಿನ್ನೆ ಅಲ್ಲಿನ ದೀಪದ ಕಂಬ ಹಿಡಿದುಕೊಂಡು ಬಿಕ್ಕಿ ಅತ್ತುಬಿಟ್ಟೆ. ಮದುವೆಯಾದ ಹೊಸತರಲ್ಲಿ ನಿಮ್ಮ ಮಗ ಭಟ್ಟಿಯಿಂದ ತೆಗೆದ ಬ್ರೆಡ್ಡನ್ನು ತಿರುಗಿಸಿ, ಅಡಿಗೆ ಬೆರಳ ಗೆಣ್ಣಿನಿಂದ ಬಡಿದು ನನ್ನ ಕಿವಿಗೆ ಹಿಡಿಯುತ್ತಿದ್ದರು. "ಕೇಳು, ಟೊಳ್ಳು ಸದ್ದು ಬಂದ್ರೆ ಬೆಂದಿದೆ ಅಂತ" ಎನ್ನುತ್ತಿದ್ದರು. ಕಿವಿ ಸುಡುತ್ತಿತ್ತು. ಅದು ನೆನಪಾಯಿತು. ಇದನ್ನು ಅಣ್ಣನಿಗೆ ಹೇಳಿದರೆ ತಿನ್ನೋ ಚಪಲ ಅಂದುಕೊಳ್ಳುತ್ತಾನೆ. ನಿಮಗೆ ಹಾಗನ್ನಿಸುವುದಿಲ್ಲ ಎಂದು ನನಗೆ ಗೊತ್ತು. ಬೇರೆ ಯಾರಿಗೆ ಬರೆಯಲಿ?

ಕೂದಲು ಉದುರುವುದು ನಿಂತಿದೆ. ಸೊಂಟಕ್ಕೆ ನಿಲ್ಲುವುದಿಲ್ಲ ಎಂದು ಒಳಗೆ ಹಿಡಿದಿದ್ದ ಲಂಗವೊಂದರ ಹೊಲಿಗೆಯನ್ನು ಮೊನ್ನೆ ಬಿಚ್ಚಿ ಸಡಿಲ ಮಾಡಿಕೊಂಡೆ. ಎಷ್ಟೋ ವರ್ಷ ಬರೀ ಹಿಡಿಯುವುದೇ ಆಗಿತ್ತು.

ನಿಮ್ಮ ಸೊಸೆ


ಜೂನ್ ೧೭

ಸೊಸೆಗೆ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯಬಾರದೆಂದಲ್ಲ. ಮೊದಲು ಜಗಳ ಮಾಡಿ ಮುಗಿಸಬೇಕಿತ್ತು.

ನಮ್ಮ ದೊಡ್ಡಾಸ್ಪತ್ರೆಗೆ ಹೋಗಿದ್ದೆ. ನಿನ್ನ ಮೂರೂ ಕಾಗದ ಬ್ಯಾಗಿನಲ್ಲಿಟ್ಟುಕೊಂಡು, ಬ್ರೆಡ್ಡು ತಿಂದರೆ ಕಾಯಿಲೆ ಬರುತ್ತದೆ ಎಂದು ಹೇಳುವ ಡಾಕ್ಟರರು ಯಾರಿದ್ದಾರೋ ಅವರ ನೀರಿಳಿಸಿ ಬರೋಣ ಎಂದು. ಹೊಟ್ಟೆಯ ಡಾಕ್ಟರನ ಮುಂದೆ ಕೂತೆ. ನನ್ನ ಮಗನಿಗಿಂತ ಚಿಕ್ಕವನು. ನಾನು ಬಾಯಿಗೆ ಬಂದದ್ದೆಲ್ಲ ಅಂದೆ, ಅವನು ಕೊನೆಯವರೆಗೂ ಕಿವಿಗೊಟ್ಟ. ಆಮೇಲೆ, "ನಿಮ್ಮ ಬ್ರೆಡ್ಡಲ್ಲಿ ದೋಷ ಇಲ್ಲಮ್ಮಾ. ನಿಮ್ಮ ಸೊಸೇಲೂ ದೋಷ ಇಲ್ಲ. ಅವರ ಮೈ ಅದನ್ನ ಶತ್ರು ಅಂತ ತಿಳ್ಕೊಂಡು ತನ್ನನ್ನೇ ಹೊಡ್ಕೊಳುತ್ತೆ" ಎಂದ.

"ತಿನ್ನಲ್ಲ ಅಂದೋಳಿಗೆ ಒತ್ತಾಯ ಮಾಡಿ ತಿನ್ನಿಸಿದ್ರೆ?" ಎಂದು ಕೇಳಿದೆ.

ಅವನು ಮೇಜಿನ ಮೇಲಿದ್ದ ಕಾಗದಗಳನ್ನು ಜೋಡಿಸಿಕೊಂಡು ಕೂತ. ಕೆಟ್ಟ ಹುಡುಗನಲ್ಲ.

ಮನೆಗೆ ಬಂದು ಹಿಟ್ಟಿನ ಮೂಟೆಯ ಮೇಲೆ ಕೂತೆ. ನೀನು ಬಸುರಿಯೆಂದು ಸಂಜೆ ಹೊತ್ತು ಬಿಸಿ ಬನ್ನು ತಂದು, ನೀನು ನುಂಗುವವರೆಗೂ ಎದುರಿಗೇ ನಿಲ್ಲುತ್ತಿದ್ದೆ. ನೀನು ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಡುತ್ತಿದ್ದೆ. ನಲ್ಲಿ ಏಕೆ ಬಿಡುತ್ತೀ ಎಂದು ನನಗೆ ಗೊತ್ತಿತ್ತು. ಇನ್ನೊಂದು ಬನ್ನು ತರುತ್ತಿದ್ದೆ.

ಇದರ ಬಗ್ಗೆ ಇನ್ನು ಮುಂದಕ್ಕೆ ಕೈ ಓಡುವುದಿಲ್ಲ. ಬೇರೆ ವಿಷಯ ಬರೆಯುತ್ತೇನೆ.

ಮೇಲಿನ ಮನೆಯನ್ನು ತೊಳೆಸಿದೆ. ತೊಳೆಸಿದೆ ಎಂದರೆ ನಾನೇ ತೊಳೆದೆ. ಬಾಗಿಲ ಚೌಕಟ್ಟಿನ ಮೇಲೆ ಬೆರಳೆಳೆದರೆ ಬಿಳಿ, ಫ್ಯಾನಿನ ರೆಕ್ಕೆಯ ಮೇಲೆ ಬಿಳಿ, ಗಡಿಯಾರದ ಬೆನ್ನಿಗೆ ಬಿಳಿ. ಇಷ್ಟು ವರ್ಷ ಇಷ್ಟೊಂದು ಹಿಟ್ಟಿನಲ್ಲಿ ಬದುಕಿದ್ದೆವೇ ಎಂದು ನನಗೇ ದಿಗಿಲಾಯಿತು. ಪರದೆ ಕಿತ್ತು ಹಾಕಿ ಹೊಸದು ಹಾಕಿದೆ. ಹೊಸ ಪಾತ್ರೆ ತಂದೆ. ಅಂಗಡಿಯಿಂದ ಮೇಲಕ್ಕೆ ಹತ್ತುವ ಬಾಗಿಲಿಗೆ ಮೊಳೆ ಹೊಡೆಸಿದೆ, ಈಗ ಹಿಂದಿನ ಬೀದಿಯ ಮೆಟ್ಟಿಲಿನಿಂದಲೇ ಓಡಾಟ. ಮಗ ಕೆಳಗೇ ಸ್ನಾನ ಮಾಡಿ, ಬಟ್ಟೆ ಬದಲಿಸಿ ಮೇಲೆ ಬರುತ್ತಾನೆ. ನಾನು ಏನೂ ಹೇಳದೆಯೇ ಶುರು ಮಾಡಿದ. ನಿನ್ನ ಕಾಗದಗಳನ್ನು ಅವನೂ ಓದಿದ್ದಾನೆ. ಕೊಡಬಾರದಿತ್ತೋ ಏನೋ, ಕೊಟ್ಟೆ.

ಮೈ ಸ್ವಲ್ಪ ಗಟ್ಟಿಯಾದ ಮೇಲೆ ಒಮ್ಮೆ ಬಂದು ಹೋಗು.

ಅತ್ತೆ


ಆಗಸ್ಟ್ ೨೮

ಅತ್ತೆಯವರಿಗೆ,

ಎರಡು ದಿನಕ್ಕೆಂದು ಬಂದವಳು ಮರುದಿನ ಬೆಳಗ್ಗೆಯೇ ಚೀಲ ಹಿಡಿದು ಹೊರಟೆ. ಬಸ್ಸಿನವರೆಗೂ ನೀವು ಒಂದು ಮಾತನ್ನೂ ಕೇಳಲಿಲ್ಲ. ಕೇಳಿದ್ದರೆ ಆಗ ಹೇಳಲೂ ಆಗುತ್ತಿರಲಿಲ್ಲ.

ಮನೆ ಚೊಕ್ಕಟವಾಗಿತ್ತು. ಅಲ್ಲಿ ತಿಂದದ್ದರಿಂದ ನನಗೆ ಏನೂ ಆಗಲಿಲ್ಲ, ಅದನ್ನು ಮೊದಲು ತಿಳಿಸುತ್ತೇನೆ. ನಿಮ್ಮ ಮಗನೇ ಅನ್ನ ಮಾಡಿ ಬಡಿಸಿದರು. ಬಡಿಸುವ ಮೊದಲು ಶಾಲೆ ಮಕ್ಕಳು ಟೀಚರಿಗೆ ತೋರಿಸುವ ಹಾಗೆ ಎರಡೂ ಕೈ ಮುಂದೆ ಚಾಚಿ, ಮೇಲೆ ಕೆಳಗೆ ತಿರುಗಿಸಿ ತೋರಿಸಿದರು. ಮೊಣಕೈವರೆಗೂ ಉಜ್ಜಿ ಉಜ್ಜಿ ಕೆಂಪಾಗಿತ್ತು. ಉಗುರಿನ ಸಂದಿಯಲ್ಲೂ ಹಿಟ್ಟಿರಲಿಲ್ಲ. ಹಿಟ್ಟಿಲ್ಲದ ಅವರ ಕೈಯನ್ನು ನಾನು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ. ಇಲ್ಲೇ ಉಳಿದುಬಿಡೋಣ ಅನ್ನಿಸಿತ್ತು.

ಪಾತ್ರೆ ತೊಳೆಯುವಾಗ ನೀವು ನನ್ನ ಬೆನ್ನು ಸವರಿ, "ಆದದ್ದಾಯ್ತು ಬಿಡು. ಇನ್ನೇನು, ಮೈ ಕೂಡಿಕೊಳ್ತಾ ಇದೆ. ಬರೋ ವರ್ಷ ಇಷ್ಟು ಹೊತ್ತಿಗೆ ಮನೇಲಿ ತೊಟ್ಟಿಲು ಆಡುತ್ತೆ" ಅಂದಿರಿ. ಪ್ರೀತಿಯಿಂದಲೇ ಅಂದದ್ದು. ನನ್ನ ಕೈಯಲ್ಲಿದ್ದ ತಟ್ಟೆ ನೀರಿಗೆ ಜಾರಿತು.

ಇನ್ನೊಂದು ಮಗು ಆಗಬಹುದು ಎಂದು ಡಾಕ್ಟರಮ್ಮನೂ ಹೇಳಿದ್ದಾರೆ. ಆಗಲೂಬಹುದು. ಆದರೆ ಅತ್ತೆ, ಹೋದವಳ ಬಗ್ಗೆ ಆ ಮನೆಯಲ್ಲಿ ಯಾರೂ ಬಾಯಿ ಬಿಡಲಿಲ್ಲ. ಅವತ್ತಿನಿಂದ ಇವತ್ತಿನವರೆಗೆ ನೀವಾಗಲೀ, ಇವರಾಗಲೀ, ನಾನಾಗಲೀ. ಸ್ವಚ್ಛ ಮಾಡಿದ ಮನೆಯಲ್ಲಿ ಅವಳೂ ತೊಳೆದುಹೋದ ಹಾಗೆ ನನಗೆ ಕಂಡಿತು. ಏಳು ತಿಂಗಳು ಹೊತ್ತವಳು ನಾನು. ಮುಖ ನೋಡಲಿಲ್ಲ. ನನಗೆ ಎಚ್ಚರವಾಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಇವರು ನೋಡಲಾರೆ ಎಂದರಂತೆ. ನೋಡಿದ್ದು ನೀವೊಬ್ಬರೇ.

ನಾನು ಆರೋಗ್ಯವಾಗುತ್ತಿದ್ದೇನೆ. ಬೆಳಗ್ಗೆ ಏಳುವಾಗ ಹಸಿವಾಗುತ್ತದೆ. ಹಸಿವೆಂದರೆ ನೋವಲ್ಲ ಎಂದು ಈ ವಯಸ್ಸಿನಲ್ಲಿ ತಿಳಿಯಿತು. ಅದನ್ನು ನೆನೆದಾಗಲೇ, ಇಷ್ಟು ಸುಲಭವಿತ್ತಲ್ಲ, ಒಂದು ವರ್ಷ ಮೊದಲೇ ಗೊತ್ತಾಗಿದ್ದರೆ, ಎಂದು ತಿಂಗಳು ಲೆಕ್ಕ ಹಾಕುತ್ತಾ ಕೂರುತ್ತೇನೆ. ಚೇತರಿಸಿಕೊಳ್ಳುವುದೂ ಅವಳಿಗೆ ಮಾಡುವ ದ್ರೋಹ ಅನ್ನಿಸುತ್ತದೆ.

ಅವಳು ಹೇಗಿದ್ದಳು ಎಂದು ಬರೆಯಿರಿ. ನಿಮಗೆ ಕಷ್ಟ ಎಂದು ಗೊತ್ತು. ಆದರೂ ಬರೆಯಿರಿ.

ನಿಮ್ಮ ಸೊಸೆ


ನವೆಂಬರ್ ೪

ಮಗಳೇ,

ಎಷ್ಟೋ ಸಲ ಬರೆಯಲು ಕೂತು ಹರಿದು ಹಾಕಿದೆ. "ಅಮ್ಮಾ, ನೀನು ಬರೀದೆ ಇದ್ರೆ ಅವಳು ಇನ್ನು ಯಾರನ್ನ ಕೇಳ್ಬೇಕು?" ಎಂದ ಮಗ. ಇವತ್ತು ಅಂಗಡಿಗೆ ರಜೆ. ಅವನು ಎದುರಿಗೆ ಕೂತಿದ್ದಾನೆ. ಬರೆಯುವುದನ್ನು ಅವನಿಗೆ ಗಟ್ಟಿಯಾಗಿ ಓದಿ ಹೇಳುತ್ತಾ ಬರೆಯುತ್ತಿದ್ದೇನೆ. ಅವನೂ ಇದನ್ನು ಕೇಳುತ್ತಿರುವುದು ಈಗಲೇ.

ನರ್ಸು ಬಿಳಿ ಬಟ್ಟೆಯಲ್ಲಿ ಸುತ್ತಿ ತಂದಳು. "ನೋಡ್ತೀರಾ?" ಎಂದಳು. ಇವನು ಗೋಡೆಯ ಕಡೆ ತಿರುಗಿದ. ನಾನು ಕೈ ಚಾಚಿದೆ. ಕೊಡುವ ಮೊದಲು, "ನೀವು ಮಗುಗೆ ಏನಾಗ್ಬೇಕು?" ಎಂದು ಕೇಳಿದಳು. "ಅಜ್ಜಿ" ಎಂದೆ. ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು.

ಕೈಗೆತ್ತಿಕೊಂಡದ್ದರ ತೂಕ ನನಗೆ ತಕ್ಕಡಿಯಿಲ್ಲದೆ ತಿಳಿಯುತ್ತದೆ, ಇಷ್ಟು ವರ್ಷದ ಅಭ್ಯಾಸ. ಅವಳದೂ ತಿಳಿಯಿತು. ಅದನ್ನು ಬರೆಯುವುದಿಲ್ಲ.

ತಲೆ ತುಂಬ ಕೂದಲಿತ್ತು. ಕಪ್ಪಗೆ, ಒದ್ದೆಯಾಗಿ ಹಣೆಗೆ ಅಂಟಿಕೊಂಡಿತ್ತು. ನಾನು ಹಿಂದಕ್ಕೆ ಸವರಿದೆ. ಬೆರಳುಗಳು ಉದ್ದ, ನಿನ್ನವೇ. ಉಗುರು ಇದ್ದವು, ಕಂಡೂ ಕಾಣದಷ್ಟು. ಮೇಲ್ದುಟಿಯ ನಡುವೆ ಇವನಿಗಿರುವ ಹಾಗೆ ಹಳ್ಳವಿತ್ತು. ಕಣ್ಣು ಮುಚ್ಚಿತ್ತು, ಹಾಗಾಗಿ ಕಣ್ಣು ಯಾರ ಹಾಗೆ ಎಂದು ನನಗೂ ಗೊತ್ತಿಲ್ಲ. ಬಲಗಿವಿಯ ಅಂಚು ಒಳಕ್ಕೆ ಮಡಿಸಿಕೊಂಡಿತ್ತು. ಹೆಬ್ಬೆರಳಿನಿಂದ ಬಿಡಿಸಿ ಸರಿ ಮಾಡಿದೆ. ಮತ್ತೆ ಮಡಿಸಿಕೊಂಡಿತು. ಮತ್ತೆ ಸರಿ ಮಾಡಿದೆ. ಮುಖದಲ್ಲಿ ನೋವಿರಲಿಲ್ಲ ಮಗಳೇ. ನಿನ್ನ ಸಮಾಧಾನಕ್ಕೆ ಹೇಳುತ್ತಿಲ್ಲ. ನಿದ್ದೆ ಬಂದ ಮಗುವಿನ ಮುಖವೇ.

ನರ್ಸು ಕೈ ಚಾಚಿದಳು. "ಒಂದ್ನಿಮಿಷ ಇರಮ್ಮ" ಎಂದೆ. ಇನ್ನೊಮ್ಮೆ ಚಾಚಿದಳು, ಮತ್ತೆ ಅದನ್ನೇ ಹೇಳಿದೆ. ಮೂರನೇ ಸಲ ಅವಳು ಕೇಳಲಿಲ್ಲ, ಪಕ್ಕದಲ್ಲಿ ಕೂತಳು. ನಮ್ಮ ಭಟ್ಟಿಯ ಮುಂದಿದ್ದಿದ್ದರೆ ಮಗುವಿನ ಕಾಲು ಅಷ್ಟು ತಣ್ಣಗಾಗುತ್ತಿರಲಿಲ್ಲ ಎಂದು ಹುಚ್ಚುಹುಚ್ಚಾಗಿ ಯೋಚಿಸಿದೆ. ಅಂಗೈಯಲ್ಲಿ ಹಿಡಿದುಕೊಂಡು ಕೂತೆ.

ಅಲ್ಲಿಂದ ಹೊರಗೆ ಬಂದು ಕಾರಿಡಾರಿನಲ್ಲಿ ಆ ಮಾತು ಅಂದೆ. ಯಾರನ್ನಾದರೂ ದೂರದೆ ಆಗ ನನ್ನ ಕಾಲು ನಿಲ್ಲುತ್ತಿರಲಿಲ್ಲ. ಆದರೂ ಆ ಮಾತು ಸುಳ್ಳು. ಈಗ ಇವನ ಎದುರಿಗೂ ಸುಳ್ಳೆಂದು ಹೇಳಿದೆ. ಇವನು ಅಳುತ್ತಿದ್ದಾನೆ. ಅಳಲಿ, ಅವತ್ತು ಅಳಲಿಲ್ಲ.

ಈ ಮನೆಗೆ ಬಾ ಎಂದು ಇನ್ನು ನಿನ್ನನ್ನು ಕರೆಯುವುದಿಲ್ಲ. ಅಂಗಡಿಗೆ ರಜೆಯಿರುವ ದಿನ ಇವನೇ ಅಲ್ಲಿಗೆ ಬರುತ್ತಾನೆ, ನೀನು ಹೂಂ ಅಂದರೆ. ಹಿಂದಿನ ದಿನದಿಂದಲೇ ಭಟ್ಟಿಯ ಕೋಣೆಗೆ ಕಾಲಿಡದೆ, ಮಿಂದು, ಒಗೆದ ಬಟ್ಟೆ ಹಾಕಿಕೊಂಡು ಬರುತ್ತಾನೆ. ಮುಂದೇನು ಎಂದು ನೀವಿಬ್ಬರೂ ಮಾತಾಡಿಕೊಳ್ಳಿ, ಅಥವಾ ಸುಮ್ಮನೆ ಕೂತು ಎದ್ದುಬನ್ನಿ. ತೊಟ್ಟಿಲಿನ ಮಾತು ನಾನು ಎತ್ತುವುದಿಲ್ಲ.

ನೀನು ತಿನ್ನುವುದರಲ್ಲಿ ದ್ರೋಹವಿಲ್ಲ. ಹಸಿವಾದಾಗ ತಿನ್ನು.

ಒಂದು ಕೇಳುವುದಿದೆ. ಹೊತ್ತಿದ್ದಾಗ ಅವಳಿಗೆ ಮನಸ್ಸಿನಲ್ಲೇ ಯಾವುದಾದರೂ ಹೆಸರಿಟ್ಟುಕೊಂಡಿದ್ದೆಯಾ? ಇಟ್ಟಿದ್ದರೆ ನನಗೂ ಬರೆ. ಅವಳನ್ನು ನೆನೆಯುವಾಗ ಕರೆಯಲು ನನಗೊಂದು ಹೆಸರು ಬೇಕು.

ಅವಳ ಅಜ್ಜಿ